ಸಫ್ದರ್ ಕಳಿಸುತ್ತಿದ್ದ ಲೊಕೇಶನ್

ಎದುರಿಗೆ ಕೂತಿರುವ ಸಫ್ದರನ ತಂದೆ ರಜಬ್ ಅಲಿ ಸಾಹೇಬರೇ, ಅವನ ಹೆಂಡತಿ, ನನಗೆ ತಂಗಿಯಂಥ ಸನಾ, ಬಣಕಲ್, ಬಾಳೂರು, ಗೋಣಿಬೀಡು ಕಡೆಯಿಂದ ಬಂದಿರುವ ಹಿರಿಯರೇ, ತಾಯಂದಿರೇ — ಎಲ್ಲರಿಗೂ ನನ್ನ ನಮಸ್ಕಾರ. ಕಾಫಿ ಕೊಯ್ಲಿನ ಟೈಮು. ಕಣದಲ್ಲಿ ಹಣ್ಣು ಹರವಿಟ್ಟು ಬಂದಿದ್ದೀರಿ ಅಂತ ನನಗೆ ಗೊತ್ತು. ಇಷ್ಟು ಜನ ಬಂದಮೇಲೆ ಸಫ್ದರ್ ಯಾರು ಅಂತ ನಾನು ಹೇಳೋ ಅಗತ್ಯ ಇಲ್ಲ.

ಆದ್ರೂ ಹೇಳ್ತೀನಿ. ಯಾಕಂದ್ರೆ ಅವನು ಯಾರು ಅಂತ ಗೊತ್ತಿಲ್ಲದೋರು ಅವನ ಬಗ್ಗೆ ಒಂದು ಪತ್ರ ಬರೆದಿದ್ದಾರೆ.

ನಾನು ಚಂದ್ರಶೇಖರಪ್ಪ. ಹೈವೇ ಪಕ್ಕದ ಜೀಪ್ ಗ್ಯಾರೇಜು ನಂದು — ತಪ್ಪಾಯ್ತು, ನಮ್ಮಿಬ್ಬರದು. ಹದಿನಾಲ್ಕು ವರ್ಷ ನಾನೂ ಸಫ್ದರೂ ಒಂದೇ ಜೀಪಿನ ಅಡಿಗೆ ಮಲಗಿ ಕೆಲಸ ಮಾಡಿದೋರು. ಗೇರ್‌ಬಾಕ್ಸ್ ಇಳಿಸೋವಾಗ ನಾನು ಬೈತಿದ್ದೆ, ಅವನು ನಗ್ತಿದ್ದ. ಎರಡು ವರ್ಷದ ಹಿಂದೆ ಒಂದು ಪರಿಹಾರ ಸಂಸ್ಥೆಯೋರು, ಯುದ್ಧ ನಡೀತಿರೋ ಕಡೆ ಆಂಬ್ಯುಲೆನ್ಸ್ ಓಡಿಸೋಕೆ, ರಿಪೇರಿ ಮಾಡೋಕೆ ಜನ ಬೇಕು ಅಂದ್ರು. ಹೋದ. "ಕೆಟ್ಟ ರೋಡಲ್ಲಿ ಗಾಡಿ ಓಡಿಸೋಕೆ ನಮಗಿಂತ ಇನ್ನೊಬ್ಬರು ಬೇಕಾ ಶೇಖರಣ್ಣ" ಅಂತ ನಗ್ತಾನೇ ಹೋದ.

ಯಾವ ದೇಶ ಅಂತ ನಾನು ಹೇಳಲ್ಲ. ಹೇಳಿದ್ರೆ ಅರ್ಧ ಜನ ಈ ಕಡೆ ಆಗ್ತೀರಿ, ಅರ್ಧ ಜನ ಆ ಕಡೆ. ಟಿವಿ ಮುಂದೆ ಕೂತು ಮಾಡ್ತೀರಲ್ಲ, ಅದೇ ಜಗಳ ಇಲ್ಲೂ ಶುರು ಆಗುತ್ತೆ. ನನಗೆ ಅದು ಬೇಡ.

ಹೋದ ತಿಂಗಳು ಹದಿನೇಳನೇ ತಾರೀಕು, ಬೆಳಿಗ್ಗೆ. ರೊಟ್ಟಿ ಅಂಗಡಿ ಮುಂದೆ ಸಾಲಾಗಿ ನಿಂತಿದ್ದ ಜನರ ಮೇಲೆ ಬಾಂಬು ಬಿತ್ತು. ಗಾಯಾಳುಗಳನ್ನ ತರೋಕೆ ಸಫ್ದರ್ ಗಾಡಿ ಹೋಯ್ತು. ಸ್ಟ್ರೆಚರ್ ಎತ್ತಿ ಒಳಗೆ ಇಡ್ತಾ ಇದ್ದಾಗ — ಆ ಗಾಡಿಗೇ ಗುರಿಯಿಟ್ಟು ಡ್ರೋನಿಂದ ಹೊಡೆದ್ರು. ಸಫ್ದರ್ ಹೋದ. ಜೊತೆಗಿದ್ದ ನರ್ಸಮ್ಮ ಹೋದ್ರು. ಸ್ಟ್ರೆಚರ್ ಮೇಲಿದ್ದ ಇಬ್ಬರು, ಒಂದು ಸಲ ಬದುಕಿ ಉಳಿದಿದ್ದೋರು, ಅವರೂ ಹೋದ್ರು.

ಆಮೇಲೆ ಪತ್ರ ಬಂತು. ಹೊಡೆದ ಸೈನ್ಯದೋರದು. ನಮ್ಮ ವಕೀಲರಾದ ರಶ್ಮಿ ಮೇಡಂ ಕನ್ನಡದಲ್ಲಿ ಓದಿ ಹೇಳಿದ್ರು. ಘಟನೆಗೆ ವಿಷಾದ ಇದೆಯಂತೆ. ಗಾಡಿಯ ಓಡಾಟದ ಬಗ್ಗೆ ಅವರಿಗೆ ಮುಂಚಿತವಾಗಿ ಮಾಹಿತಿ ಇರಲಿಲ್ಲವಂತೆ. ಗಾಡಿ ಅನುಮಾನಾಸ್ಪದವಾಗಿತ್ತಂತೆ. ಅಂತೆ, ಅಂತೆ, ಅಂತೆ! ಅಲ್ಲಾ ಸ್ವಾಮಿ, ಗಾಡಿಯ ಮಾಡಿನ ಮೇಲೆ, ಎರಡೂ ಪಕ್ಕಕ್ಕೆ, ಆಳೆತ್ತರದ ಕೆಂಪು ಗುರುತು. ಧೂಳಿಗೆ ಮಾಸುತ್ತೆ ಅಂತ ವಾರವಾರ ಅವನೇ ಬಣ್ಣ ಹಚ್ಚಿ ಫೋಟೋ ಕಳಿಸ್ತಿದ್ದ. ಅದು ಅನುಮಾನಾಸ್ಪದ!

ಅಲ್ಲಿಯೋರ ಮಾತು ಬಿಡಿ. ಇಲ್ಲಿ? ನಮ್ಮ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ? "ಅವನಿಗ್ಯಾಕೆ ಬೇಕಿತ್ತು ಊರ ಉಸಾಬರಿ" ಅಂದ್ರು ಒಬ್ರು. ಹೋಗಲಿ ಅಂದ್ಕೊಂಡೆ. ಇನ್ನೊಬ್ರು, ಕಾಫಿ ಕುಡೀತಾ, ಮೆತ್ತಗೆ — "ಏನೋ ಇದ್ದಿರಬೇಕು ಬಿಡಿ, ಬೆಂಕಿ ಇಲ್ದೆ ಹೊಗೆ ಬರುತ್ತಾ?" ಅವನ ಹೆಸರು ಸಫ್ದರ್ ಅಂತ ಇದ್ದಿದ್ದಕ್ಕೆ ಆ ಮಾತು ಬಂತು. ನನಗೆ ಗೊತ್ತು, ಹೇಳಿದೋರಿಗೂ ಗೊತ್ತು. ಹೊಗೆ ಬಂತು ಕಣ್ರೀ. ಬಂತು! ನನ್ನ ಸಫ್ದರ್ ಸುಟ್ಟುಹೋಗಿದ್ದಕ್ಕೆ ಬಂತು!

ಕ್ಷಮಿಸಿ ಸಾಹೇಬ್ರೇ. ನಿಮ್ಮೆದುರಿಗೆ ಈ ಮಾತು ಆಡಬಾರದಿತ್ತು.

ಒಂದು ನಿಮಿಷ ಕೊಡಿ — ನೀರು.

ಯುದ್ಧಕ್ಕೂ ಕಾನೂನು ಇದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಮೆಕ್ಯಾನಿಕ್ಕು. ರಶ್ಮಿ ಮೇಡಂ ಹೇಳಿದ್ರು — ಜಿನೀವಾ ಒಪ್ಪಂದ ಅಂತ, ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾಡಿದ್ದು, ಹೆಚ್ಚುಕಮ್ಮಿ ಎಲ್ಲಾ ದೇಶದೋರೂ ಒಪ್ಪಿ ಸಹಿ ಹಾಕಿದಾರೆ. ಗಾಯ ಆಗಿ ಬಿದ್ದವನಿಗೆ ಹೊಡೀಬಾರದು. ಅವನನ್ನ ಎತ್ತೋಕೆ ಬಂದವನಿಗೆ ಹೊಡೀಬಾರದು. ಆಂಬ್ಯುಲೆನ್ಸನ್ನ ಯುದ್ಧಕ್ಕೆ ಬಳಸ್ಕೊಳ್ತಿದ್ದಾರೆ ಅನ್ನಿಸಿದ್ರೆ — ಆಗಲೂ, ಮೊದಲು ಎಚ್ಚರಿಕೆ ಕೊಡಬೇಕು. ಸರಿಮಾಡ್ಕೊಳ್ಳೋಕೆ ಸಮಯ ಕೊಡಬೇಕು. "ಇದು ಬರೆದಿಟ್ಟಿದ್ದಾರಾ ಮೇಡಂ?" ಅಂದೆ. "ಬರೆದಿದ್ದಾರೆ" ಅಂದ್ರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಕೆಲವರು ದೊಡ್ಡದಾಗಿ ಹೇಳ್ತಾರೆ, ಕಾನೂನು ಹಳೇದಾಯ್ತು, ಈಗಿನ ಯುದ್ಧವೇ ಬೇರೆ, ಡ್ರೋನು, ಕಂಪ್ಯೂಟರು ಅಂತ. ರೀ, ಆನೆ ಹುಡುಕೋಕೆ ನಮ್ಮಲ್ಲೂ ಡ್ರೋನ್ ಹಾರಿಸ್ತಾರೆ. ತೋಟದ ಸಿಲ್ವರ್ ಮರದ ಅಡಿ ಮರಿ ಇದೆಯಾ, ತಾಯಿ ಯಾವ ಕಡೆ ನಿಂತಿದೆ, ಎಲ್ಲಾ ಕಾಣುತ್ತೆ. ಅವರ ಡ್ರೋನು ನಮ್ಮದಕ್ಕಿಂತ ಕಡಿಮೆಯದಾ? ಚೆನ್ನಾಗಿ ಕಾಣೋ ಕಣ್ಣು ಬಂದಮೇಲೆ ಕಾಣಲಿಲ್ಲ ಅಂದ್ರೆ ಹೇಗೆ ನಂಬೋದು?

ಆನೆ ಅಂದೆ. ಅದೇ ಮಾತಿಗೆ ಬರ್ತೀನಿ. ಅಲ್ಲೇ ನನ್ನ ತಪ್ಪಿರೋದು.

ನಮ್ಮಲ್ಲಿ ಆನೆ ಗ್ರೂಪ್ ಇದೆಯಲ್ಲ, ವಾಟ್ಸಾಪಲ್ಲಿ. ಎಲ್ಲಿ ಆನೆ ಕಂಡ್ರೂ ಲೊಕೇಶನ್ ಹಾಕಬೇಕು, ಜನ ಆ ದಾರಿ ಬಿಡಬೇಕು. ಸಫ್ದರ್ ಅದರಲ್ಲಿ ಮಹಾ ಶಿಸ್ತು. "ಬಾಳೂರು ಎಸ್ಟೇಟ್ ಎರಡನೇ ಗೇಟು, ಮೂರು ಆನೆ, ಲೈನ್ ಮನೆಯ ಕೂಲಿಯೋರು ಹೊರಗೆ ಬರಬೇಡಿ" — ಜೀಪು ನಿಲ್ಲಿಸಿ, ಟೈಪ್ ಮಾಡಿ, ಆಮೇಲೆ ಮುಂದೆ ಹೋಗೋನು. ಒಂದ್ಸಲ ನಮ್ಮ ತಮ್ಮಯ್ಯನವರು — ಅಲ್ಲೇ ಕೂತಿದ್ದಾರೆ, ತಲೆ ಬಗ್ಗಿಸಬೇಡಿ ತಮ್ಮಯ್ಯನೋರೇ — ತಮಾಷೆಗೆ ಸುಳ್ಳು ಆನೆ ಹಾಕಿದ್ರು. ಸಫ್ದರ್ ಸ್ಪ್ಯಾನರ್ ಕೈಲಿ ಹಿಡ್ಕೊಂಡೇ ಅವರ ಮನೆಗೆ ಹೋದ. "ಲೊಕೇಶನ್ ಅಂದ್ರೆ ಜೀವ ಮಾರಾಯ್ರೇ, ಆಟ ಅಲ್ಲ" ಅಂತ ಅಂಗಳದಲ್ಲಿ ನಿಂತು ಕೂಗಿದ. ಹಿರಿಯರ ಮುಂದೆ ಅವನು ದನಿ ಎತ್ತಿದ್ದು ನಾನು ಕಂಡಿದ್ದು ಅದೊಂದೇ ಸಲ.

ಅಲ್ಲೂ ಅದೇ ಪದ್ಧತಿ ಇತ್ತು. ಆಂಬ್ಯುಲೆನ್ಸ್ ಹೊರಡೋ ಮುಂಚೆ ಒಂದು, ತಲುಪಿದ ಮೇಲೆ ಒಂದು — ಎರಡೂ ಕಡೆ ಸೈನ್ಯಕ್ಕೆ ಲೊಕೇಶನ್ ಕಳಿಸಬೇಕು. ಇಲ್ಲಿದ್ದೀವಿ, ಹೊಡೀಬೇಡಿ ಅಂತ. ಕಳಿಸಿದ್ದನ್ನೇ ನನಗೂ ಕಳಿಸೋನು. ಎರಡು ತಿಂಗಳ ಹಿಂದೆ ಫೋನ್ ಮಾಡಿದ. "ಅಣ್ಣಾ, ಇಲ್ಲಿಯ ಡ್ರೈವರುಗಳು ಲೊಕೇಶನ್ ಕೊಡೋದು ನಿಲ್ಲಿಸಿದ್ದಾರೆ. ಕೊಟ್ಟ ಗಾಡಿಗೇ ಏಟು ಬೀಳ್ತಿದೆ ಅಂತಾರೆ. ನಾನೇನು ಮಾಡ್ಲಿ?"

ನಾನು ಏನು ಹೇಳಬೇಕಿತ್ತು? ನಾನು ಬಣಕಲ್ಲಿನವನು. ಲೊಕೇಶನ್ ಕೊಟ್ರೆ ಜೀವ ಉಳಿಯುತ್ತೆ ಅನ್ನೋದೊಂದೇ ನನಗೆ ಗೊತ್ತಿದ್ದಿದ್ದು. ಫೋನ್ ಇಟ್ಟಮೇಲೆ ಅವನಿಗೆ ಬರೆದು ಕಳಿಸಿದೆ — "ಕೊಡು ಮಾರಾಯ. ಆಂಬ್ಯುಲೆನ್ಸ್ ಅಂತ ಗೊತ್ತಾದ ಮೇಲೆ ಯಾವ ಮನುಷ್ಯ ಹೊಡೀತಾನೆ?"

ಕೊಟ್ಟ. ಪ್ರತಿ ಸಲವೂ ಕೊಟ್ಟ. ಹದಿನೇಳನೇ ತಾರೀಕೂ ಕೊಟ್ಟ.

ಸನಾ, ನಿನ್ನ ಹತ್ರ ಈಗ ಎಲ್ಲರ ಮುಂದೆ ಒಂದು ಮಾತು ಹೇಳಬೇಕು ತಂಗಿ. "ಅಣ್ಣಾ, ನಿಮ್ಮ ಫೋನಲ್ಲಿ ಏನಾದ್ರೂ ಇದ್ಯಾ, ಸಮಿತಿಯೋರಿಗೆ ಕಳಿಸಬೇಕು" ಅಂತ ನೀನು ಎರಡು ಸಲ ಕೇಳಿದೆ. ಎರಡು ಸಲವೂ ಅಳಿಸಿಹೋಗಿದೆ ಅಂದೆ. ಸುಳ್ಳಮ್ಮ. ಒಂದೂ ಅಳಿಸಿಲ್ಲ. ಅವನ ಮೆಸೇಜ್ ತೋರಿಸಿದ್ರೆ ನನ್ನ ಮೆಸೇಜೂ ಕಾಣುತ್ತಲ್ಲ, ನಾನೇ "ಕೊಡು" ಅಂದಿದ್ದು ಕಾಣುತ್ತಲ್ಲ — ಅದಕ್ಕೆ ಹೆದರಿದೆ. ಈ ವಯಸ್ಸಲ್ಲಿ ಇಂಥ ಹೇಡಿತನ ಮಾಡಿದೆ.

ಸಭೆಯೋರು ಸ್ವಲ್ಪ ಕೇಳಿ, ಇದು ನಮ್ಮ ಮನೆ ವಿಷಯ ಅಲ್ಲ. ಸ್ವತಂತ್ರವಾಗಿ ತನಿಖೆ ಮಾಡೋ ಒಂದು ಸಮಿತಿ ದಾಖಲೆ ಕೇಳಿದೆ. ಈ ತಿಂಗಳ ಕೊನೆಯೊಳಗೆ ಕೊಡಬೇಕು. ಕೊಡದಿದ್ರೆ ಆ ಪತ್ರದಲ್ಲಿ ಇರೋದೇ ಉಳಿಯುತ್ತೆ — ಮಾಹಿತಿ ಇರಲಿಲ್ಲ, ಗಾಡಿ ಅನುಮಾನಾಸ್ಪದ. ಸಫ್ದರನ ಮಗಳು ಅಮ್ನಾಗೆ ಈಗ ನಾಲ್ಕು ವರ್ಷ. ನಾಳೆ ಓದೋಕೆ ಕಲಿತು ಅಪ್ಪನ ಬಗ್ಗೆ ಹುಡುಕಿದ್ರೆ ಅವಳಿಗೆ ಸಿಗೋದು ಅದೇ. ನಾನು ಬದುಕಿರೋವರೆಗೂ ಅದು ಆಗಕೂಡದು.

ರಶ್ಮಿ ಮೇಡಂ, ಇಲ್ಲಿ ಬನ್ನಿ. ತಗೊಳ್ಳಿ ಈ ಫೋನು. ನನ್ನ ಮೆಸೇಜೂ ಸೇರಿಸಿ ಕಳಿಸಿ, ಒಂದಕ್ಷರ ಬಿಡಬೇಡಿ. ಸಾಕ್ಷಿ ಹೇಳೋಕೆ ಎಲ್ಲಿಗೆ ಕರೆದ್ರೂ ಬರ್ತೀನಿ. ಅವರು ನನ್ನನ್ನ ಏನು ಬೇಕಾದ್ರೂ ಕೇಳಲಿ. ನನಗೂ ಅವರನ್ನ ಕೇಳೋದಿದೆ.

ಇನ್ನು ಮುಗಿಸ್ತೀನಿ. ಇಂಥ ಸಭೆಯಲ್ಲಿ ಎರಡು ನಿಮಿಷ ಮೌನ ನಿಲ್ಲೋದು ರೂಢಿ. ಇವತ್ತು ಅಷ್ಟು ಸಾಲದು.

ಆ ಫೋನಲ್ಲಿ ಅವನ ಕೊನೇ ಮೆಸೇಜ್ ಇದೆ. "ತಲುಪಿದೆ" ಅಂತ, ಕೆಳಗೆ ಲೊಕೇಶನ್. ಅಲ್ಲಿಯ ಟೈಮಲ್ಲಿ ಎಂಟು ಇಪ್ಪತ್ತು. ಡ್ರೋನ್ ಹೊಡೆದಿದ್ದು ಎಂಟು ಮೂವತ್ತೊಂದಕ್ಕೆ — ಇದು ನಾನು ಹೇಳ್ತಿರೋದಲ್ಲ, ಅವರದೇ ಪತ್ರದಲ್ಲಿ ಇದೆ. ನಡುವೆ ಹನ್ನೊಂದು ನಿಮಿಷ. ಹನ್ನೊಂದು ನಿಮಿಷ ಆ ಗಾಡಿ ಬಯಲಲ್ಲಿ ಬಾಗಿಲು ತೆರ್ಕೊಂಡು ನಿಂತಿತ್ತು. ಸ್ಟ್ರೆಚರ್ ಹೋಗ್ತಿತ್ತು, ಬರ್ತಿತ್ತು. ಮೇಲಿಂದ ನೋಡ್ತಿದ್ದವನಿಗೆ ಹನ್ನೊಂದು ನಿಮಿಷ ಇತ್ತು.

ನಾವೂ ಅಷ್ಟೇ ಹೊತ್ತು ನಿಲ್ಲೋಣ. ಮಂಡಿ ನೋವಿರೋ ಹಿರಿಯರು ಕೂತ್ಕೊಳ್ಳಿ, ಬೇಜಾರಿಲ್ಲ. ಬಸ್ಸು ಹೋದ್ರೆ ಹೋಗಲಿ, ನಮ್ಮ ಜೀಪಲ್ಲಿ ಬಿಟ್ಟು ಬರ್ತೀವಿ. ಮೂರನೇ ನಿಮಿಷಕ್ಕೆ ಕಾಲು ಬದಲಾಯಿಸ್ತೀರಿ. ಐದಕ್ಕೆ ಇನ್ನೂ ಎಷ್ಟಪ್ಪಾ ಅನ್ನಿಸುತ್ತೆ. ಅನ್ನಿಸಲಿ. ಒಬ್ಬ ಮನುಷ್ಯ ಬಗ್ಗಿ ಇನ್ನೊಬ್ಬನನ್ನ ಎತ್ತುತ್ತಾ ಇದಾನೆ ಅಂತ ಗುರುತು ಹಿಡಿಯೋಕೆ ಇಷ್ಟು ಹೊತ್ತು ಸಾಕಾ, ಸಾಲದಾ — ನಿಂತ್ಕೊಂಡೇ ನೀವೇ ಹೇಳಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.