ಕಾಗಿಣಾ ನಡುಹೊಳೆಯಲ್ಲಿ ದೋಣಿಯ ಚಾವಿ ಕಿಸೆಗೆ ಹಾಕಿಕೊಂಡ ಬಗ್ಗೆ

ನಾನು ತಮ್ಮಣ್ಣ ತಂದೆ ಭಾಗಣ್ಣ, ವಯಸ್ಸು 47 ವರ್ಷ, ಉದ್ಯೋಗ ಮೀನುಗಾರಿಕೆ ಮತ್ತು ನಾಟಕದಲ್ಲಿ ರಾಜಪಾರ್ಟು, ಸಾಕಿನ್ ಮಳಖೇಡ, ತಾಲೂಕು ಸೇಡಂ. ಠಾಣೆಗೆ ಖುದ್ದು ಹಾಜರಾಗಿ ಬರೆಸುವುದೇನೆಂದರೆ:

ಮಳೆಗಾಲದಲ್ಲಿ ಸೇತುವೆ ಮುಳುಗಿದರೆ ನನ್ನ ಸಣ್ಣ ಮಗಳು ಸುಶ್ಮಿತಾಳ ಶಾಲೆ ತಪ್ಪುತ್ತದೆ. ಆದ್ದರಿಂದ ಮನೆಮಂದಿಗೂ ಬಲೆಗೂ ಆಗುವಂಥ ಮೋಟಾರು ದೋಣಿ ಹುಡುಕುತ್ತಿದ್ದೆ. ಹೊಸ ದೋಣಿಯ ಬೆಲೆ ಕೇಳಿದಾಗ ತಲೆಯ ಮೇಲಿಲ್ಲದ ಕಿರೀಟವೂ ಕಳಚಿ ಬಿದ್ದಂತಾಯಿತು. ಆಗ ಶಹಾಬಾದಿನ ಚೌಡೇಶ, ನನ್ನ ಹೆಂಡತಿ ಶಿವಕಾಂತಮ್ಮಳ ಚಿಕ್ಕಪ್ಪನ ಮಗ, ತನ್ನ ಹಳೆಯ ದೋಣಿಯನ್ನು ಅರ್ಧ ಬೆಲೆಗೆ ಕೊಡುವುದಾಗಿ ಹೇಳಿದನು.

ದಿನಾಂಕ 12-01-2025ರ ಭಾನುವಾರ ಬೆಳಿಗ್ಗೆ 10 ಗಂಟೆಗೆ ನಾನು, ಹೆಂಡತಿ, ಮಗಳು ಮೂವರೂ ಶಹಾಬಾದ ಬಳಿಯ ಹೊಳೆದಂಡೆಗೆ ಹೋದೆವು. ದೋಣಿಗೆ ಹಸಿಹಸಿ ನೀಲಿ ಬಣ್ಣ ಬಳಿದಿತ್ತು. ನೀರಿಗಿಳಿಸುವ ಮೊದಲು ಗಂಗಮ್ಮನಿಗೆ ಕಾಯಿ ಒಡೆಯಲು ಚೌಡೇಶನು ತನ್ನ ಅಕ್ಕ ಶಿವಕಾಂತಮ್ಮಳಿಗೆ ಹೇಳಿದನು. ಆಕೆ ಒಡೆದಳು. ನಾನು ಹುಟ್ಟು ತೆಗೆದುಕೊಳ್ಳಲು ಹೋದಾಗ, ಮೋಟಾರಿಗೆ ಹುಟ್ಟು ಯಾಕೆಂದು ನಕ್ಕು ಅದನ್ನು ದಂಡೆಯಲ್ಲೇ ಬಿಡಿಸಿದನು.

ನಡುಹೊಳೆಯಲ್ಲಿ, ದಂಡೆಯಿಂದ ಸುಮಾರು 80 ಮೀಟರ್ ದೂರದಲ್ಲಿ, ಚೌಡೇಶನು ಮೋಟಾರು ನಿಲ್ಲಿಸಿ ಚಾವಿಯನ್ನು ಕಿಸೆಗೆ ಹಾಕಿಕೊಂಡನು. ನಮ್ಮ ಹೊಳೆಸಾಲಿನ ಮಂದಿಯಲ್ಲಿ ಯಾರ ಕಾಯಿ ಒಡೆಯಿತೋ ದೋಣಿ ಅವರದು; ಹಿಂದಿರುಗಿಸುವಂತಿಲ್ಲ. ಅದನ್ನೇ ಹಿಡಿದು, ಈಗ ಪೂರ್ತಿ ಬೆಲೆಗೆ ಒಪ್ಪಿದರೆ ಮಾತ್ರ ದಂಡೆ ಕಾಣುವಿರೆಂದನು. ಅಷ್ಟರಲ್ಲಿ ಬಣ್ಣದ ಕೆಳಗಿನ ಬಿರುಕಿನಿಂದ ನೀರು ಒಳಗೆ ಬರತೊಡಗಿತು. ನನಗೆ ಈಜು ಬರುತ್ತದೆ. ಹೆಂಡತಿಗೂ ಮಗಳಿಗೂ ಬರುವುದಿಲ್ಲ.

ನಾನು ಎದ್ದುನಿಂತು, ತೀರದ ಬಾಂಧವರೇ, ನನ್ನ ಸಂಸಾರ ಮುಳುಗುತಲಿದೆ ಎಂದು ಕೂಗಿದೆನು. ನನ್ನ ಧ್ವನಿ ಎರಡು ಫರ್ಲಾಂಗು ಕೇಳುತ್ತದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ನನ್ನನ್ನು ಗುರುತಿಸಿ ಚಪ್ಪಾಳೆ ತಟ್ಟಿದರು.

"ಒನ್ಸ್ ಮೋರ್, ರಾಜಾ!"

"ಏ ಯಪ್ಪಾಗಳಿರಾ, ಖರೇನೇ ಮುಳಗಾಕತ್ತೀವಿ!" ಎಂದೆನು. ಸಿಳ್ಳೆ ಬಿದ್ದವು.

"ಭಾಳ ಚಲೋ ಮಾಡಾಕತ್ತೀರಿ ಮಾವಾ, ಟಿಕೀಟು ಇಡಬೇಕಿತ್ತು," ಎಂದು ಚೌಡೇಶನು ನಕ್ಕನು.

ನೀರು ಮೊಣಕಾಲಿಗೆ ಬಂದಾಗ ಅವನ ನಗು ನಿಂತಿತು. ಚಾವಿ ತಿರುಗಿಸಿದನು, ಮೋಟಾರು ಹತ್ತಲಿಲ್ಲ. ಅವನೂ ಉಳಿಸಿರೆಂದು ಅರಚಿದನು. ದಂಡೆಯವರು, ಖಳನಾಯಕ ಬಂದ ನೋಡ್ರಿ ಎಂದರು.

ಆಗ ಶಿವಕಾಂತಮ್ಮ ಎದ್ದು ನಿಂತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆ ನಾಲ್ಕು ಜನರ ಮುಂದೆ ನಿಂತವಳಲ್ಲ. ಒಂದು ಮಾತೂ ಆಡದೆ ಮಗಳನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಹಿಡಿದಳು. ಸಿಳ್ಳೆ ನಿಂತವು. ಮೀನುಗಾರ ಬಂದೇಅಲಿ ತನ್ನ ತೆಪ್ಪ ತಂದು ನಮ್ಮನ್ನೂ ಚೌಡೇಶನನ್ನೂ ಹತ್ತಿಸಿಕೊಂಡನು. ನನ್ನ ಕೂಗನ್ನು ತಾನು ನಂಬಲಿಲ್ಲವೆಂದೂ, ಅಕ್ಕನವರು ಸುಮ್ಮನಿದ್ದದ್ದು ನೋಡಿ ಬಂದೆನೆಂದೂ ತಿಳಿಸಿದನು. ನಮ್ಮ ಕಣ್ಣೆದುರಿಗೇ ದೋಣಿ ಮುಳುಗಿತು.

ದಂಡೆಗೆ ಬಂದ ಮೇಲೂ ಚೌಡೇಶನು ನನ್ನ ಅಂಗಿ ಹಿಡಿದು, ಕಾಯಿ ಒಡೆದಿದ್ದೀರಿ, ಮುಳುಗಿದ್ದು ನಿಮ್ಮ ದೋಣಿ, ರೊಕ್ಕ ಕೊಡಿರೆಂದನು. ಹಿರಿಯರು ಕೆಲವರು ಹೌದೆಂದು ತಲೆಯಾಡಿಸಿದರು. ಶಿವಕಾಂತಮ್ಮ ಸೆರಗು ಹಿಂಡುತ್ತ ಹೇಳಿದಳು:

"ಕಾಯಿ ಗಂಗಮ್ಮಗ ಒಡದೀನಿ, ತಮ್ಮಾ. ದೋಣಿ ಆಕೀನೇ ತಗೊಂಡಾಳ. ರೊಕ್ಕ ಆಕೀಗಿ ಕೇಳು, ಹೋಗು."

ಕಾರಣ, ನಮ್ಮ ಜೀವಕ್ಕೆ ಅಪಾಯ ತಂದ ಚೌಡೇಶನ ಮೇಲೆ ಕ್ರಮ ಜರುಗಿಸಲು ಕೋರುತ್ತೇನೆ. ಹವಾಲ್ದಾರರು ಈ ಹೇಳಿಕೆಯನ್ನು ರಾಗವಿಲ್ಲದೆ ಸಪ್ಪಗೆ ಓದಿ ಕೇಳಿಸಿದರು. ಸಪ್ಪಗೆ ಓದಿದರೂ ಇದು ನಿಜವೇ ಇರುತ್ತದೆ.

ಸ್ಥಳ: ಶಹಾಬಾದ
ದಿನಾಂಕ: 12-01-2025
ಸಹಿ: ತಮ್ಮಣ್ಣ
ಸಾಕ್ಷಿ: ಶಿವಕಾಂತಮ್ಮ (ಎಡಗೈ ಹೆಬ್ಬೆಟ್ಟು)