ಬಳೆಯೊಳಗಿನ ಮಣ್ಣು

ಸೊಂಡು ಪೇಟೆಯ ಹಿಟ್ಟಿನ ಗಿರಣಿಯಲ್ಲಿ ನನ್ನ ಮುಂದೆ ನಿಂತಿದ್ದವರು ಹೊಲದೊಡತಿ ಅಡೊಂಗೊ ಮತ್ತು ಒಬಾಲ. ಸಂಶೋಧನೆಯ ಆಫೀಸಿನವರಿಗಾಗಿ ಹೊಲಗಳಲ್ಲಿ ಬುಟ್ಟಿಯಗಲದ ಪ್ಲಾಸ್ಟಿಕ್ ಬಳೆ ಹೂತು, ಗುರುವಾರ ಗುರುವಾರ ಅದರ ಮೇಲೆ ಡಬ್ಬ ಕವುಚಿ, ಮಣ್ಣು ಬಿಡುವ ಗಾಳಿಯನ್ನು ಅಳೆಯಲೆಂದು ಸಿರಿಂಜಿನಲ್ಲಿ ಎಳೆದುಕೊಂಡು ಹೋಗುತ್ತಿದ್ದವನು ಈ ಒಬಾಲ.

"ಎರಡು ವಾರದಿಂದ ನಮ್ಮ ಹೊಲದ ಕಡೆ ತಲೆನೇ ಹಾಕಿಲ್ವಲ್ಲೋ."

"ನನ್ನ ಕೆಲಸದಿಂದ ಬಿಡಿಸಿದ್ರು ಅಮ್ಮಾ. ಎಲ್ಲರ ಹೊಲಕ್ಕಿಂತ ನಿಮ್ಮದು ಹತ್ತು ಪಟ್ಟು ಗಾಳಿ ತೋರಿಸ್ತಿತ್ತು. ಅಳೆಯೋಕೇ ಬರಲ್ಲ ನಿಂಗೆ ಅಂದ್ರು."

"ನೀನು ಸರಿಯಾಗೇ ಅಳೆದಿದೀಯ. ನೀನು ಬರೋ ಹಿಂದಿನ ದಿನ ಬಳೆಯೊಳಗೆ ನಾನೇ ಸಗಣಿ ನೀರು ಹೊಯ್ತಿದ್ದೆ."

ಒಬಾಲ ತಲೆಯ ಮೇಲಿದ್ದ ಜೋಳದ ಚೀಲವನ್ನು ಕೆಳಗಿಟ್ಟ.

"ಯಾವಾಗಿಂದ?"

"ಮೊದಲಿಂದ್ಲೂ. ಅದು ದೂರದೋರು ನೋಡೋ ಜಾಗ ಅಂದಿದ್ದು ನೀನೇ. ಮನೆಗೆ ಬಂದೋರ ಮುಂದೆ ಬರೀ ತಟ್ಟೆ ಇಡ್ತೀವೇನೋ?"

"ಎರಡು ವರ್ಷ ಅಳೆದಿದೀನಿ. ಒಂದು ಮಾತು ಹೇಳಬಾರ್ದಿತ್ತಾ?"

"ಉಟ್ಟ ಬಟ್ಟೆ ತೊಳೆದಿದ್ದು ಅಂತ ಯಾರಾದ್ರೂ ಹೇಳ್ಕೋತಾರಾ? ನಡಿ, ನಾನೇ ಬಂದು ನಿಮ್ಮ ಸಾಹೇಬ್ರಿಗೆ ಹೇಳ್ತೀನಿ."

"ಯಾರಿಗೆ ಹೇಳ್ತೀರಿ? ಕಾಗದ ಪತ್ರ, ಸಾಮಾನು ಎಲ್ಲ ತುಂಬ್ಕೊಂಡು ಹೊರಟೋದ್ರು. ಆಫೀಸಿಗೆ ಬೀಗ ಬಿದ್ದಿದೆ."

"ಮತ್ತೆ ಆ ಬಳೆ ತಗೊಂಡು ಹೋಗೋಕೆ?"

"ಯಾರೂ ಬರಲ್ಲ. ಕಿತ್ತು ಬಿಸಾಡಿ."

ಗಿರಣಿಯವನು ಅಡೊಂಗೊಳನ್ನು ಕರೆದ. ಅವಳು ಜೋಳದ ಬುಟ್ಟಿ ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ನಿಂತಳು.

"ಇವತ್ತು ಗುರುವಾರ ಅಲ್ವೇನೋ? ನಿನ್ನೆ ಕೂಡ ಹೊಯ್ದಿದೀನಿ ಕಣೋ."

ಒಳಗೆ ಗಿರಣಿ ಶುರುವಾಯಿತು. ಒಬಾಲ ಏನು ಹೇಳಿದನೋ ಕೇಳಿಸಲಿಲ್ಲ.