ಕಿತ್ತಿಟ್ಟ ವೈರು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು.

"ಮೊನ್ನೆ ನಾವು ಫೋನಲ್ಲಿ ಆಡಿದ್ದೆಲ್ಲ ನಮ್ಮ ಮಾವ ಕೇಳಿಸ್ಕೊಂಡಿದ್ದಾರೆ ಕಣೇ," ಎಂದಳು ತಂಗಿ.

"ಹೆಡ್‌ಫೋನ್ ಹಾಕ್ಕೊಂಡು ಕಂಪ್ಯೂಟರಲ್ಲಿ ಹಾಡು ಕೇಳ್ತಿದ್ದಾರೆ ಅಂದ್ಯಲ್ಲೇ?"

"ಹಾಕ್ಕೊಂಡಿದ್ರು. ಹೆಡ್‌ಫೋನಿನ ಸೌಂಡ್ ಹೆಚ್ಚಿಸೋ ಪುಟ್ಟ ಡಬ್ಬಿ ಇದ್ಯಲ್ಲ, ಅದರ ವೈರನ್ನ ಕಂಪ್ಯೂಟರಿಂದ ನಾನೇ ಕಿತ್ತು, ಅಲ್ಲಿ ನನ್ನ ಫೋನ್ ಚಾರ್ಜಿಗೆ ಹಾಕಿದ್ದೆ. ಅದು ಮರೆತೇಹೋಗಿ, ನಿನ್ನ ಜೊತೆ ಸ್ಪೀಕರ್ ಹಾಕ್ಕೊಂಡು ಮಾತಾಡ್ದೆ."

"ಅಯ್ಯೋ! ಅವರು ಕಾಫಿ ಸೊರ್ರಂತ ಹೀರೋದನ್ನ ನಾನು ಅಣಕಿಸಿದ್ನಲ್ಲೇ!"

"ನಾವು ನಗ್ತಿದ್ರೆ ಅವರು ಡಬ್ಬಿಯ ಗುಂಡಿ ತಿರುಗಿಸಿ, ಹಾಡಿಗೆ ತಲೆದೂಗೋ ಹಾಗೆ ಮಾಡ್ತಿದ್ರು. ಆಮೇಲೆ ಫೋನ್ ತೆಗೆಯೋಕೆ ಹೋದಾಗ ಡಬ್ಬಿಯ ವೈರು ನೇತಾಡ್ತಿತ್ತು, ಹಾಡೇ ಬರ್ತಿರ್ಲಿಲ್ಲ. ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು."

"ಏನಾದ್ರೂ ಅಂದ್ರಾ?"

"ಇಲ್ಲ. ಈಗ ಕಾಫಿ ಪೂರ್ತಿ ಆರಿಸ್ಕೊಂಡು, ಸದ್ದಾಗದ ಹಾಗೆ ಕುಡೀತಾರೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇವತ್ತು ನೀನು ಬರ್ತೀಯ ಅಂತ, ಕಾಫಿಗೆ ಅವರೇ ಹೋಗಿ ಹಾಲು ತಂದಿಟ್ಟಿದ್ದಾರೆ."

ಬಸ್ ಬಂತು.

"ನೀನು ಹತ್ತು. ನಾನು ಇನ್ನೊಂದಿನ ಬರ್ತೀನಿ," ಎಂದಳು ಅಕ್ಕ.

ತಂಗಿ ಅಕ್ಕನ ಚೀಲ ಕಿತ್ತುಕೊಂಡು ಬಸ್ ಹತ್ತಿದಳು. ಚೀಲದ ಹಿಂದೆ ಅಕ್ಕನೂ ತಲೆ ತಗ್ಗಿಸಿ ಹತ್ತಿದಳು.